ಏಳನೇ ಗೇಟಿನ ನರ್ಸ್

ಬನವಾಸಿ
೧೨ ಜೂನ್ ೨೦೨೪

ರಕ್ಷಿತಾ,

ಇಸ್ರೇಲಿನಿಂದ ನೀನು ಬಂದು ನಾಲ್ಕು ತಿಂಗಳಾಯಿತಂತೆ. ನನಗೆ ಗೊತ್ತಾದದ್ದು ಮೊನ್ನೆ, ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ತಮ್ಮ ಕಿರಣ ಸಿಕ್ಕಾಗ. "ಅಕ್ಕ ಫೋನ್ ಎತ್ತೂದಿಲ್ಲ. ಕಾಗದ ಬರೀರಿ, ಓದ್ತಾಳೆ" ಎಂದ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಮೂರು ವರ್ಷ ಇದ್ದವರು ನಾವು. ನನಗಾದರೂ ಒಂದು ಮಾತು ಹೇಳಬಾರದಿತ್ತೇ? ಬೈಯುವುದನ್ನು ಭೇಟಿಯಾದಾಗ ಬೈಯುತ್ತೇನೆ.

ನನ್ನ ಸುದ್ದಿ ಕೇಳು. ಮನೆಯವರು ಶುಂಠಿ ಮತ್ತು ಅನಾನಸಿನ ವ್ಯಾಪಾರದಲ್ಲಿ ಮುಳುಗಿದ್ದಾರೆ. ನಾನು ಬರವಣಿಗೆಯಲ್ಲಿ. ವಾರಪತ್ರಿಕೆಯಲ್ಲಿ ನನ್ನದೊಂದು ಧಾರಾವಾಹಿ ಶುರುವಾಗಿದೆ. ಹೆಸರು ‘ಏಳನೇ ಗೇಟು’. ಗೂಢಚಾರರ ಕಥೆ, ಇಸ್ರೇಲ್ ಮತ್ತು ಗಾಜಾದ ನಡುವೆ ನಡೆಯುವಂಥದ್ದು. ಕನ್ನಡದ ಹುಡುಗಿಯೊಬ್ಬಳು ಮುದುಕಿಯನ್ನು ನೋಡಿಕೊಳ್ಳುವ ಕೆಲಸದ ನೆಪದಲ್ಲಿ ಅಲ್ಲಿಗೆ ಹೋಗಿ ಗೂಢಚಾರಿಣಿಯಾಗುತ್ತಾಳೆ. ಯಾರನ್ನು ನೆನೆದು ಬರೆದೆ ಎಂದು ನಿನಗೆ ಬೇರೆ ಹೇಳಬೇಕಾಗಿಲ್ಲ. ಅತ್ತೆ ಗುರುಶಾಂತವ್ವ ಕನ್ನಡಕ ಏರಿಸಿಕೊಂಡು ಪ್ರತಿ ವಾರ ಅಕ್ಕಪಕ್ಕದವರಿಗೆ ಓದಿ ಹೇಳುತ್ತಾರೆ.

ನಾನು ಕಂಡದ್ದು ಟೀವಿಯಲ್ಲಿ ಮಾತ್ರ. ನೀನು ಆರು ವರ್ಷ ಅಲ್ಲಿದ್ದವಳು. ಸೈರನ್ ಕೂಗಿದರೆ ಜನ ಏನು ಮಾಡುತ್ತಾರೆ? ಆಗ ಅಡುಗೆ ಮಾಡುತ್ತಿದ್ದರೆ ಒಲೆ ಆರಿಸುತ್ತಾರೋ, ಹಾಗೇ ಓಡುತ್ತಾರೋ? ಇಂಥವೇ ನನಗೆ ಬೇಕು. ಎರಡು ಕಂತು ಇದರ ಜೊತೆ ಇಟ್ಟಿದ್ದೇನೆ.

ಭಾನುವಾರ ಬರಲೇ?

ನಿನ್ನ ದಾರಿ ಕಾಯುವ
ಶಾಂಭವಿ


ಸಿದ್ದಾಪುರ
೨೭ ಜೂನ್ ೨೦೨೪

ಶಾಂಭವಿ,

ಈಗ ಬರಬೇಡ. ಬಂದರೆ ನೀನು ಮಾತಾಡುತ್ತೀಯ, ನಾನು ನಿನ್ನ ಬಾಯಿ ನೋಡುತ್ತ ಕೂರುತ್ತೇನೆ. ಬರೆಯುವುದಾದರೆ ಆಗುತ್ತದೆ.

ಒಲೆ ಆರಿಸುತ್ತಾರೆ. ಅಭ್ಯಾಸವಾದ ಮೇಲೆ ಕೈ ತಾನಾಗಿಯೇ ಆರಿಸುತ್ತದೆ. ನಾನು ಇಲ್ಲಿಯೂ ಯಾರದೋ ಮನೆಯ ಕುಕ್ಕರ್ ಕೂಗಿದರೆ ಗ್ಯಾಸ್ ಬಂದ್ ಮಾಡುತ್ತೇನೆ. ಅಮ್ಮ ಮತ್ತೆ ಹಚ್ಚುತ್ತಾಳೆ.

ಎರಡೂ ಕಂತು ಓದಿದೆ. ನಿನಗೆ ಸಿಟ್ಟು ಬಂದರೂ ಹೇಳುತ್ತೇನೆ. ಇಸ್ರೇಲಿನ ಹೆಣ್ಣು ಅಧಿಕಾರಿಗೆ ಹೆಸರಿದೆ. ಮುಂಬೈಯಲ್ಲಿ ಹುಟ್ಟಿದ ಯಹೂದಿ ಅಂಗಡಿಕಾರನಿಗೆ ಹೆಸರಿದೆ. ನಮ್ಮ ಗೂಢಚಾರಿಣಿಗಂತೂ ಎರಡೆರಡು. ಪ್ಯಾಲೆಸ್ಟೀನಿನವರಿಗೆ ಮಾತ್ರ ಇಲ್ಲ. ‘ಮುಖ ಮುಚ್ಚಿಕೊಂಡವನು’, ‘ಗಡ್ಡದವನು’, ‘ಹಿಂದಿನಿಂದ ಬಂದವನು’. ಬರುತ್ತಾರೆ, ಗುಂಡು ಹಾರಿಸುತ್ತಾರೆ, ಸಾಯುತ್ತಾರೆ. ಅವರಲ್ಲಿ ಯಾರೂ ಚಹಾ ಕುಡಿಯುವುದಿಲ್ಲ. ಯಾರಿಗೂ ಹಲ್ಲುನೋವಿಲ್ಲ. ಒಬ್ಬರಿಗಾದರೂ ಒಂದು ಹೆಸರು ಕೊಡು ಮಾರಾಯ್ತಿ.

ನನಗೆ ಒಬ್ಬಳ ಹೆಸರು ಗೊತ್ತು. ಹನಾನ್. ನಾನು ನೋಡಿಕೊಳ್ಳುತ್ತಿದ್ದ ಮಿರಿಯಮ್ ಅಜ್ಜಿಯ ಕಾಲಲ್ಲಿ ಮಾಯದ ಹುಣ್ಣೊಂದಿತ್ತು. ಪಟ್ಟಿ ಕಟ್ಟಲು ದಿನಾ ಸಂಜೆ ಬರುತ್ತಿದ್ದ ನರ್ಸ್ ಅವಳು. ಹತ್ತಿರದ ಲೋದ್ ಊರಿನವಳು. ಇಸ್ರೇಲಿನದೇ ಪ್ರಜೆ, ಆದರೆ ಯಾರು ಕೇಳಿದರೂ ‘ನಾನು ಪ್ಯಾಲೆಸ್ಟೀನಿನವಳು’ ಎಂದೇ ಹೇಳುವಳು. ಅವಳ ಅಕ್ಕನನ್ನು ಗಾಜಾಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಹನಾನ್ ನಮ್ಮ ಹಾಗೆಯೇ ಹೊಸಿಲ ಹೊರಗೆ ಚಪ್ಪಲಿ ಬಿಡುತ್ತಿದ್ದಳು. ಕೈ ತಣ್ಣಗಿದ್ದರೆ ಅಜ್ಜಿಯನ್ನು ಮುಟ್ಟುತ್ತಿರಲಿಲ್ಲ. ಬಿಸಿನೀರಲ್ಲಿ ಅದ್ದಿ, ಒರೆಸಿಕೊಂಡು, ಆಮೇಲೆ ಮುಟ್ಟುವಳು.

ಇಲ್ಲಿ ಸಂಜೆ ಪಾತ್ರೆ ತೊಳೆಯುವಾಗ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟ ಸದ್ದಾಗುತ್ತದೆ. ಹೋಗಿ ನೋಡುತ್ತೇನೆ, ಯಾರೂ ಇರುವುದಿಲ್ಲ. ಹೆದರಿಕೆಯಲ್ಲ. ಬಂದವಳು ಅವಳೇ ಎಂದು ಗೊತ್ತು. ಬಾಗಿಲು ತೆರೆದಿಟ್ಟು ಬರುತ್ತೇನೆ.

ರಕ್ಷಿತಾ


ಬನವಾಸಿ
೧೫ ಜುಲೈ ೨೦೨೪

ಪ್ರೀತಿಯ ರಕ್ಷಿತಾ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು, ನಿಜ. ಎಲ್ಲ ಬಗೆಯ ಜನರನ್ನೂ ತಂದಿದ್ದೇನೆ ಎಂದು ಬೀಗುತ್ತಿದ್ದೆ. ಹಳೆಯ ಕಂತುಗಳನ್ನು ತೆಗೆದು ಮತ್ತೆ ಓದಿದೆ. ನೀನು ಹೇಳಿದ್ದು ಸರಿ. ನನ್ನ ಕಥೆಯಲ್ಲಿ ಅವರು ಬರೀ ನೆರಳು.

ಆರನೆಯ ಕಂತಿನಿಂದ ಒಬ್ಬ ನರ್ಸ್ ಬರುತ್ತಾಳೆ. ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಾಳೆ, ಬಿಸಿನೀರಲ್ಲಿ ಕೈ ಅದ್ದುತ್ತಾಳೆ. ಬೇರೆ ಬೇರೆ ಹೆಸರು ಹಾಕಿ ನೋಡಿದೆ, ಯಾವುದೂ ಕೂರಲಿಲ್ಲ. ಹನಾನ್ ಎಂದೇ ಇಟ್ಟಿದ್ದೇನೆ. ಬೇಡ ಎನ್ನುವುದಾದರೆ ಈಗಲೇ ಹೇಳು, ಬದಲಿಸುತ್ತೇನೆ. ಅಚ್ಚಾದ ಮೇಲೆ ಆಗುವುದಿಲ್ಲ.

ಅವಳು ನೋಡಲು ಹೇಗಿದ್ದಳು? ಚೀಲ ಯಾವ ಬಣ್ಣದ್ದು? ಗಾಜಾದ ಅಕ್ಕ ಏನಾದಳು? ನೀನು ಕೆಲಸ ಬಿಟ್ಟದ್ದು ಯಾಕೆ? ಯುದ್ಧಕ್ಕೆ ಹೆದರಿ ಬಂದಳು ಅಂತ ಕಿರಣ ಹೇಳಿದ. ನೀನು ಹೆದರುವವಳಲ್ಲ.

ಪ್ರಶ್ನೆಗಳ ಮೂಟೆಯೊಂದಿಗೆ,
ಶಾಂಭವಿ


ಸಿದ್ದಾಪುರ
೧೧ ಆಗಸ್ಟ್ ೨೦೨೪

ಶಾಂಭವಿ,

ಹೆಸರು ಇರಲಿ. ಇಲ್ಲಿ ಯಾರಿಗೆ ಅವಳು ಯಾರೆಂದು ಗೊತ್ತಾಗಬೇಕು? ಆ ಹೆಸರನ್ನು ಕನ್ನಡದ ಅಕ್ಷರದಲ್ಲಿ ಅಚ್ಚಾಗಿ ನೋಡಿದಾಗ, ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಅಮ್ಮನಿಗೆ ಕಿರಣ ಓದಿ ಹೇಳುತ್ತಾನೆ. ಅಮ್ಮನಿಗೆ ಹನಾನ್ ಗೊತ್ತು. ಯುದ್ಧ ಶುರುವಾದ ವಾರ ನಾನು ಅಳುತ್ತ ಕಿರಣನ ಫೋನಿಗೆ ವಿಡಿಯೋ ಕರೆ ಮಾಡಿದ್ದೆ. ಹನಾನ್ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಅಮ್ಮನಿಗೆ ಏನೇನೋ ಹೇಳಿದಳು, ಅರಬ್ಬಿಯಲ್ಲಿ. ಅಮ್ಮ ಕನ್ನಡದಲ್ಲಿ, "ನಮ್ ಕೂಸನ್ನ ನೋಡ್ಕ ತಂಗಿ, ನೀನೂ ಜ್ವಾಪಾನ" ಎಂದಳು. ಇಬ್ಬರೂ ತಲೆಯಾಡಿಸಿದರು. ಆಮೇಲೆ ಪ್ರತಿ ಸಲವೂ ಅಮ್ಮ "ಆ ತಂಗಿಗೆ ಕೊಡು" ಎನ್ನುವಳು. ಈಗ ವಾರ ವಾರ ಕೇಳುತ್ತಾಳೆ, "ಹನಾನು ಎಂತ ಮಾಡ್ತು ಈ ಸಲ?"

ಚೀಲ ಕಂದು ಬಣ್ಣದ್ದು, ಒಂದು ಹಿಡಿಕೆಗೆ ದಾರ ಸುತ್ತಿತ್ತು. ಮುಖ ಉರುಟು. ನಗುವಾಗ ಬಾಯಿಗೆ ಕೈ ಅಡ್ಡ ಇಡುವಳು.

ಯುದ್ಧ ಶುರುವಾದ ಅಕ್ಟೋಬರಿನ ಆ ಶನಿವಾರದ ದಾಳಿಯಲ್ಲಿ ಅಜ್ಜಿಯ ಮೊಮ್ಮಗ ಸತ್ತ. ಹಬ್ಬದ ರಜೆಗೆ ಸ್ನೇಹಿತರ ಜೊತೆ ದಕ್ಷಿಣದ ಕಡೆ ಹೋದವನು. ಅವನ ಅಂಗಿಗೆ ನಾನೇ ಗುಂಡಿ ಹೊಲಿದು ಕೊಟ್ಟಿದ್ದೆ. ಡಿಸೆಂಬರಿನಲ್ಲಿ ಗಾಜಾದಲ್ಲಿ ಹನಾನಳ ಅಕ್ಕನ ಮನೆ ಬಾಂಬಿಗೆ ಬಿತ್ತು. ಒಳಗೆ ಅಕ್ಕ, ಭಾವ, ಇಬ್ಬರು ಗಂಡುಮಕ್ಕಳು. ಒಬ್ಬಳು ಮಗಳು ಎಲ್ಲಿದ್ದಾಳೋ ತಿಳಿಯದು. ಮರುದಿನ ಸಂಜೆ ಹನಾನ್ ಬಂದಳು. ಚಪ್ಪಲಿ ಬಿಟ್ಟಳು, ಕೈ ಬೆಚ್ಚಗೆ ಮಾಡಿಕೊಂಡಳು, ಪಟ್ಟಿ ಬಿಚ್ಚಿದಳು. ಅಜ್ಜಿಗೆ ವಿಷಯ ಗೊತ್ತಿತ್ತು. ಕಾಲು ಹನಾನಳ ತೊಡೆಯ ಮೇಲೆ ಇತ್ತಲ್ಲ, ಅಜ್ಜಿ ಬಗ್ಗಿ ಅವಳ ತಲೆಯ ಮೇಲೆ ಕೈ ಇಟ್ಟಳು. ನಾನು ಬೇಸಿನ್ ಹಿಡಿದುಕೊಂಡು ನಿಂತಿದ್ದೆ. ನೀರು ಆರಿಹೋಯಿತು.

ಕೆಲಸ ಬಿಟ್ಟ ವಿಷಯ ಇವತ್ತು ಬೇಡ.

ರಕ್ಷಿತಾ


ಬನವಾಸಿ
೨೦ ಸೆಪ್ಟೆಂಬರ್ ೨೦೨೪

ರಕ್ಷಿತಾ,

ಎರಡು ಕಾಗದಕ್ಕೂ ನಿನ್ನಿಂದ ಉತ್ತರವಿಲ್ಲ. ಹದಿನಾಲ್ಕನೆಯ ಕಂತು ಓದಿದೆಯೋ ಏನೋ. ಓದಿದ್ದರೆ ಇದನ್ನು ಸಮಾಧಾನದಿಂದ ಓದು.

ಸಂಪಾದಕ ಸತೀಶ್ ಅವರು ಫೋನ್ ಮಾಡಿದ್ದರು. "ಮೇಡಂ, ನಿಮ್ಮ ನರ್ಸ್ ಚೆನ್ನಾಗಿದ್ದಾಳೆ. ಆದರೆ ಸುಮ್ಮನೆ ಪಟ್ಟಿ ಕಟ್ಟಿಕೊಂಡು ಎಷ್ಟು ವಾರ ಕೂರುತ್ತಾಳೆ? ಓದುಗರು ಅವಳನ್ನು ನಂಬಿದ್ದಾರೆ. ಈಗ ತಿರುಗಿಸಿ" ಎಂದರು. ನಾನು ಒಂದು ವಾರ ಆಗುವುದಿಲ್ಲ ಎಂದೆ. ಎರಡನೆಯ ವಾರ ಕೂತು ಬರೆದೆ. ಬರೆಯುತ್ತ ಹೋದರೆ ಅದು ತಾನಾಗಿಯೇ ಓಡಿತು. ನಿನ್ನ ಹತ್ತಿರ ಸುಳ್ಳು ಯಾಕೆ? ಅಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿಲ್ಲ. ಅವಳು ಕೈ ಬೆಚ್ಚಗೆ ಮಾಡಿಕೊಂಡು, ಕಂದು ಚೀಲದಿಂದ ಸೂಜಿ ತೆಗೆದು, ಮುದುಕಿಯ ಕಾಲಿಗೆ ಚುಚ್ಚುವ ಜಾಗ ಓದುವಾಗ ಅತ್ತೆಯ ಧ್ವನಿಯೇ ನಡುಗಿತಂತೆ. "ಆ ನರ್ಸನ್ನ ಸುಮ್ಮನ ಬಿಡಬ್ಯಾಡವಾ ಶಾಂಭವಿ, ನೇಣಿಗೆ ಹಾಕಿಸು" ಅಂದರು.

ಇದು ಕಥೆ, ರಕ್ಷಿತಾ. ಆ ಹನಾನ್ ಬೇರೆ, ಈ ಹನಾನ್ ಬೇರೆ. ನಿನಗೆ ಗೊತ್ತಲ್ಲ. ವೆಬ್ ಸೀರೀಸ್ ಮಾಡುವ ಕಂಪನಿಯೊಂದು ಕೇಳಿದೆಯಂತೆ, ಅದೂ ಅವಳ ಪಾತ್ರ ನೋಡಿಯೇ.

ಒಂದು ಸಾಲು ಬರೆ.

ಶಾಂಭವಿ


ಸಿದ್ದಾಪುರ
೬ ಅಕ್ಟೋಬರ್ ೨೦೨೪

ಶಾಂಭವಿ,

ಕೆಲಸ ಯಾಕೆ ಬಿಟ್ಟೆ ಎಂದು ಕೇಳಿದ್ದೆಯಲ್ಲ. ಹೇಳುತ್ತೇನೆ.

ಅಜ್ಜಿಯ ಮಗ ಡೋವ್ ಒಳ್ಳೆಯ ಮನುಷ್ಯ. ನನಗೆ ಜ್ವರ ಬಂದಾಗ ಸೂಪ್ ಮಾಡಿ ತಂದಿಟ್ಟವನು. ಮಗ ಸತ್ತ ಮೇಲೆ ಅವನು ನಿದ್ದೆ ಮಾಡಿದ್ದನ್ನು ನಾನು ಕಾಣಲಿಲ್ಲ. ಜನವರಿಯಲ್ಲಿ ಒಂದು ದಿನ ಬಂದು ಅಡುಗೆಮನೆಯಲ್ಲಿ ನನ್ನನ್ನು ಕೇಳಿದ, "ಆ ಹೆಂಗಸು ಅಮ್ಮನಿಗೆ ಏನು ಚುಚ್ಚುತ್ತಾಳೆ? ನೀನು ನೋಡುತ್ತೀಯಾ?" ಚುಚ್ಚುವುದಿಲ್ಲ, ಪಟ್ಟಿ ಕಟ್ಟುತ್ತಾಳೆ ಎಂದೆ. "ಅವಳ ಮನೆಯವರು ಸತ್ತಿದ್ದಾರೆ. ನಾನು ಅವಳ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ ಎಂದು ನನಗೆ ಗೊತ್ತು. ಅದಕ್ಕೇ ಅವಳು ಬೇಡ" ಎಂದ. ಮರುದಿನ ಬಾಗಿಲಲ್ಲೇ ಅವಳನ್ನು ತಡೆದ. ಅವಳು ಆಗಲೇ ಒಂದು ಚಪ್ಪಲಿ ಬಿಟ್ಟಿದ್ದಳು. ಅದನ್ನು ಮತ್ತೆ ಮೆಟ್ಟಿಕೊಂಡಳು.

ನಾನು ನಡುವೆ ನಿಂತೆ. ‘ಇವಳು ಹೋದರೆ ನಾನೂ ಹೋಗುತ್ತೇನೆ’ ಎಂದೆ. ಡೋವ್ ಹೋಗು ಎಂದ. ಒಳಗಿನಿಂದ ಅಜ್ಜಿ ಇಬ್ಬರ ಹೆಸರನ್ನೂ ಹಿಡಿದು ಕೂಗುತ್ತಿದ್ದಳು. ನಾನು ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಅವಳು ಊಟ ಬಿಟ್ಟಿದ್ದಾಳೆ ಎಂಬ ಸುದ್ದಿ ಬಂತು. ಆಮೇಲೆ ಸುದ್ದಿ ಬರಲಿಲ್ಲ. ನಾನೂ ಫೋನ್ ಎತ್ತಲಿಲ್ಲ.

ಅಮ್ಮನಿಗೆ ಇದನ್ನು ಹೇಳಿಲ್ಲ. ಹೆದರಿ ಬಂದೆ ಎಂದೇ ಅವಳು ತಿಳಿದಿದ್ದಾಳೆ. ಇರಲಿ ಎಂದುಕೊಂಡಿದ್ದೆ.

ಹದಿನಾಲ್ಕನೆಯ ಕಂತನ್ನು ಕಿರಣ ಅರ್ಧಕ್ಕೆ ನಿಲ್ಲಿಸಿದ. "ಓದು" ಎಂದಳು ಅಮ್ಮ. ಪೂರ್ತಿ ಓದಿಸಿಕೊಂಡಳು. ಆಮೇಲೆ ನನ್ನನ್ನು ಕೇಳಿದಳು, "ನಿಂಗೂ ಎಂತಾದ್ರೂ ಕೊಡ್ತಿದ್ಲನೇ ಅವ್ಳು? ತಿಂಬುಕೆ, ಕುಡೂಕೆ?"

ಡೋವ್ ಏನೆಂದು ಹೆದರಿದನೋ ಅದನ್ನೇ ನೀನು ಬರೆದೆ. ಅವನು ಮಗನನ್ನು ಕಳೆದುಕೊಂಡವನು. ನೀನು ಏನು ಕಳೆದುಕೊಂಡಿದ್ದೆ?

ಸಂಜೆ ಬಾಗಿಲಲ್ಲಿ ಸದ್ದು ಈಗಲೂ ಆಗುತ್ತದೆ. ಮೊದಲು ತೆರೆದಿಡುತ್ತಿದ್ದೆನಲ್ಲ, ಈಗ ಒಳಗಿನಿಂದ ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತೇನೆ. ಅವಳ ಮುಖ ನೆನಪು ಮಾಡಿಕೊಳ್ಳಲು ಹೋದರೆ ಕೈ ಕಾಣುತ್ತದೆ. ಕೈಯಲ್ಲಿ ನೀನು ಕೊಟ್ಟ ಸೂಜಿ. ಆರು ವರ್ಷ ಕಂಡ ಮುಖ, ಶಾಂಭವಿ. ಒಂದು ಪುಟ ಓದಿದ್ದಕ್ಕೆ ಹೋಯಿತು.

ರಕ್ಷಿತಾ


ಬನವಾಸಿ
೩೦ ನವೆಂಬರ್ ೨೦೨೪

ರಕ್ಷಿತಾ,

ಸಿದ್ದಾಪುರಕ್ಕೆ ಬಂದಿದ್ದೆ. ನೀನು ಕೋಣೆಯೊಳಗೆ ಇದ್ದೆ, ಹೊರಗೆ ಬರಲಿಲ್ಲ. ಬಾ ಎಂದು ಕೂಗುವ ಧೈರ್ಯ ನನಗೂ ಆಗಲಿಲ್ಲ. ನಿನ್ನ ಅಮ್ಮನ ಹತ್ತಿರ ಆಡಿದ ಮಾತು ನಿನಗೆ ಗೋಡೆಯಾಚೆಯಿಂದ ಕೇಳಿಸಿತೋ ಇಲ್ಲವೋ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನಮ್ಮ ಮಣೆ ಹಾಕಿದರು, ನೀರು ಕೊಟ್ಟರು. ನಾನು ಕೂರದೆಯೇ ಶುರು ಮಾಡಿದೆ. "ಅಮ್ಮಾ, ಆ ನರ್ಸಿನ ವಿಷ, ಸೂಜಿ ಎಲ್ಲ ನಾನು ಕಟ್ಟಿದ ಸುಳ್ಳು. ಆ ಹೆಣ್ಣುಮಗಳು ಅಂಥಾಕಿ ಅಲ್ಲ."

"ಕುತ್ಕ ತಂಗಿ" ಎಂದರು. "ಸುಳ್ಳು ಅಂಬ್ದು ನಂಗೂ ಗೊತ್ತು. ಪೇಪರಲ್ಲಿ ಕಥೆ ಬರೂದು ಸುಳ್ಳೇ ಅಲ್ದನೇ. ಆದ್ರೆ ಕನಸಲ್ಲಿ ಅವ್ಳು ನಮ್ ಕೂಸಿನ ಕೈ ಹಿಡ್ಕಂಡು ಸೂಜಿ ಹುಡುಕ್ತಾಳೆ. ನಾ ಬ್ಯಾಡ ಅಂತೇನೆ. ಅವ್ಳು ನಗ್ತಾಳೆ, ಬಾಯಿಗೆ ಕೈ ಅಡ್ಡ ಇಟ್ಕಂಡು. ಅದನ್ನ ಎಂತ ಮಾಡೂದು ನಾನು?"

ಬಾಯಿಗೆ ಕೈ ಅಡ್ಡ ಇಡುವುದನ್ನು ನೀನು ನನಗೆ ಬರೆದು ತಿಳಿಸಿದ್ದೆ. ನಾನು ಅದನ್ನೂ ಬಿಟ್ಟಿರಲಿಲ್ಲ.

ನೀನು ಕೆಲಸ ಬಿಟ್ಟ ಕಾರಣವನ್ನು ಅವರಿಗೆ ಹೇಳಿದೆ. ನಿನ್ನನ್ನು ಕೇಳದೆ ಹೇಳಿದೆ, ಅದಕ್ಕೂ ಬೈದುಕೋ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಹಂಗಾರೆ ಕೂಸು ಹೆದ್ರಿ ಬಂದದ್ದಲ್ಲ" ಎಂದರು. ಎರಡು ಸಲ ಎಂದರು.

ಊರಿಗೆ ಬಂದು ಹೊಸದಾಗಿ ಮೂರು ಕಂತು ಬರೆದೆ. ಸೂಜಿಯಲ್ಲಿ ಇದ್ದದ್ದು ಔಷಧಿ, ವಿಷ ಇಟ್ಟವನು ಬೇರೆಯವನು, ಹನಾನ್ ನಿರ್ದೋಷಿ ಎಂದು. ಸತೀಶ್ ಓದಿ ನಕ್ಕರು. "ಮೇಡಂ, ಜನ ಅವಳು ಸಾಯುವುದನ್ನು ಕಾಯುತ್ತಿದ್ದಾರೆ" ಎಂದರು. ನಾನು ಹಟ ಹಿಡಿದೆ. ಕೊನೆಯ ಕಂತುಗಳನ್ನು ಬೇರೆ ಯಾರಿಂದಲೋ ಬರೆಸಿ, ನನ್ನ ಹೆಸರಿನ ಕೆಳಗೇ ಹಾಕಿದ್ದಾರೆ. ಕಳೆದ ವಾರ ಗಡಿಯ ಏಳನೇ ಗೇಟಿನ ಹತ್ತಿರ ಅವಳನ್ನು ಗುಂಡಿಟ್ಟು ಕೊಂದರು. ಅತ್ತೆ ಓದಿ ಮುಗಿಸಿ, "ಈಗ ಜೀವಕ್ಕ ಸಮಾಧಾನ ಆತು ನೋಡು" ಎಂದು ಕನ್ನಡಕ ತೆಗೆದಿಟ್ಟರು. ನಾನು ಹಿತ್ತಿಲಿಗೆ ಹೋಗಿ ಕೂತೆ.

ಪುಸ್ತಕ ಮಾಡುವುದು ಬೇಡ, ಸೀರೀಸೂ ಬೇಡ ಎಂದು ಬರೆದು ಕಳಿಸಿದ್ದೇನೆ. ನಮ್ಮ ಮನೆಯವರು ಅತ್ತೆಯ ಎದುರು ಏನೂ ಅನ್ನಲಿಲ್ಲ, ಆದರೆ ಎರಡು ದಿನದಿಂದ ನನ್ನ ಜೊತೆ ಮಾತಿಲ್ಲ. ಅಚ್ಚಾದದ್ದು ಅಚ್ಚಾಗಿ ಹೋಗಿದೆ. ಶಿರಸಿಯ ಸೆಲೂನಿನಲ್ಲಿ, ಯಲ್ಲಾಪುರದ ಬಸ್ಸಿನಲ್ಲಿ, ಎಲ್ಲಿ ಹೋದರೂ ಆ ಹಾಳೆ ಕಾಣುತ್ತದೆ. ಅದನ್ನು ಯಾರ ಕೈಯಿಂದ ಅಂತ ಕಿತ್ತುಕೊಳ್ಳಲಿ?

ಕ್ಷಮಿಸು ಎಂದು ನಿನ್ನನ್ನು ಕೇಳುವುದಲ್ಲ ಎಂದು ಗೊತ್ತು. ಕೇಳಬೇಕಾದವಳ ವಿಳಾಸ ನನ್ನ ಹತ್ತಿರ ಇಲ್ಲ.

ಶಾಂಭವಿ


ಸಿದ್ದಾಪುರ
೨೬ ಜನವರಿ ೨೦೨೫

ಶಾಂಭವಿ,

ನೀನು ಬಂದ ದಿನ ಗೋಡೆಯಾಚೆ ಎಲ್ಲ ಕೇಳಿಸಿತು. ಹೊರಗೆ ಬರಬೇಕೆಂದು ಚಿಲಕದ ಮೇಲೆ ಕೈ ಇಟ್ಟಿದ್ದೆ. ತೆಗೆಯಲಾಗಲಿಲ್ಲ. ನೀನು ಹೋದ ಮೇಲೆ ಅಮ್ಮ ಒಳಗೆ ಬಂದು ನನ್ನ ತಲೆಗೆ ಎಣ್ಣೆ ಹಚ್ಚಿದಳು. ಅಷ್ಟಕ್ಕೆ ನಾನು ನಿನಗೆ ಋಣಿ. ಉಳಿದದ್ದರ ಬಗ್ಗೆ ಈಗಲೇ ಏನೂ ಹೇಳಲಾರೆ.

ನಿನ್ನೆ ಅವಳು ವಿಡಿಯೋ ಕರೆ ಮಾಡಿದಳು. ಹನಾನ್. ಕಿರಣನ ನಂಬರ್ ಅವಳ ಫೋನಿನಲ್ಲಿ ಹಾಗೇ ಉಳಿದಿತ್ತಂತೆ. ಅವನು ಯಲ್ಲಾಪುರಕ್ಕೆ ಲಾರಿಯಲ್ಲಿ ಲೋಡ್ ಹಾಕಿ ಬಂದು ಆಗಷ್ಟೇ ಊಟಕ್ಕೆ ಕೂತಿದ್ದ. ಎಡಗೈಯಲ್ಲಿ ಫೋನ್ ನನ್ನ ಕಡೆ ನೀಡಿದ. "ಅಕ್ಕಾ, ಅವ್ರು" ಎಂದ.

ಮೊದಲು ನನಗೆ ಅವಳ ಗುರುತು ಹತ್ತಲಿಲ್ಲ. ತೆಳ್ಳಗಾಗಿದ್ದಾಳೆ. ಅವಳು ಮಾತಾಡತೊಡಗಿದ ಮೇಲೆ ಒಂದೊಂದಾಗಿ ಎಲ್ಲ ಬಂತು. ಹುಬ್ಬು, ಮೂಗಿನ ಪಕ್ಕದ ಮಚ್ಚೆ. ಈಗ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸವಂತೆ. ಕದನವಿರಾಮವಾದ ಮೇಲೆ ಅಕ್ಕನ ಮಗಳು ಸಿಕ್ಕಿದ್ದಾಳೆ. ಯಾರದೋ ಗುಡಾರದಲ್ಲಿದ್ದಳಂತೆ. ಹನಾನ್ ಅಲ್ಲಿಗೆ ಹೋಗುವ ಹಾಗಿಲ್ಲ. ಫೋನಿನಲ್ಲಿ ಆ ಮಗು, ನೀನು ಅಮ್ಮನ ಧ್ವನಿಯಲ್ಲೇ ಮಾತಾಡುತ್ತೀಯ, ಮಾತಾಡುತ್ತಲೇ ಇರು ಎಂದಿತಂತೆ. ಏನು ಹೇಳುವುದೆಂದು ತೋಚದೆ ಕೈಗೆ ಸಿಕ್ಕ ಔಷಧಿ ಡಬ್ಬಿಯ ಮೇಲಿದ್ದುದನ್ನೆಲ್ಲ ಓದಿದಳಂತೆ. ಮಿರಿಯಮ್ ಅಜ್ಜಿ ಕಳೆದ ಬೇಸಿಗೆಯಲ್ಲಿಯೇ ತೀರಿಕೊಂಡಳು. ಡೋವ್ ಹನಾನಳ ಮನೆಗೆ ಹೋಗಿ ತಿಳಿಸಿದನಂತೆ. ಬಾಗಿಲ ಹೊರಗೇ ನಿಂತು ಹೇಳಿ, ಅಳುತ್ತ ಹೊರಟುಹೋದನಂತೆ.

"ನಿನ್ನ ಅಮ್ಮನಿಗೆ ಕೊಡು, ಸಲಾಂ ಹೇಳಬೇಕು" ಎಂದಳು.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಸಾರಿನ ಸೌಟು ಹಿಡಿದುಕೊಂಡು. ಫೋನನ್ನು ಅವಳ ಕಡೆ ತಿರುಗಿಸಿದೆ. ಅಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಹನಾನ್ ಕೈ ಎತ್ತಿ ಏನೋ ಹೇಳಿದಳು. ಅಮ್ಮ ಅವಳ ಕೈಯನ್ನೇ ನೋಡುತ್ತಿದ್ದಳು. ಮೊದಲಾದರೆ ಎಷ್ಟು ಮಾತಾಡುವಳು, ಹನಾನಳಿಗೆ ತಿಳಿಯದ ಕನ್ನಡದಲ್ಲಿ! "ಆರಾಮಿದ್ಲನ ಕೇಳು" ಎಂದು ನನಗೆ ಹೇಳಿ ಒಳಗೆ ಹೋದಳು.

"ಏನೆಂದರು?" ಎಂದಳು ಹನಾನ್.

"ಆರಾಮವೇ ಎಂದು ಕೇಳಿದರು."

"ನನ್ನ ಮೇಲೆ ಬೇಜಾರೇ? ನನ್ನಿಂದಾಗಿ ನಿನ್ನ ಕೆಲಸ ಹೋಯಿತಲ್ಲ."

"ಅಲ್ಲ" ಎಂದೆ. "ಅದಕ್ಕಲ್ಲ."

ಆಮೇಲೆ, ಇಷ್ಟು ಜನ ಸತ್ತ ಮೇಲೆ ತನ್ನ ಹೆಸರು ಹಿಡಿದು ಕರೆಯುವವರೇ ಇಲ್ಲವಾಗಿದ್ದಾರೆ ಎಂದಳು. ಆಸ್ಪತ್ರೆಯಲ್ಲಿ ‘ಸಿಸ್ಟರ್’ ಅಷ್ಟೇ. ಒಂದೊಂದು ದಿನ ಕನ್ನಡಿಯ ಮುಂದೆ ತಾನೇ ಕರೆದುಕೊಳ್ಳುತ್ತಾಳಂತೆ. "ನಿಮ್ಮ ಊರಿನಲ್ಲಿ ನಿಮ್ಮನ್ನು ಬಿಟ್ಟು ಬೇರೆ ಯಾರಿಗಾದರೂ ನನ್ನ ಹೆಸರು ಗೊತ್ತಾ?" ಎಂದು ಕೇಳಿದಳು.

ಕಿರಣ ಊಟ ನಿಲ್ಲಿಸಿ ನನ್ನನ್ನು ನೋಡಿದ.

"ಗೊತ್ತು" ಎಂದೆ. "ತುಂಬ ಜನಕ್ಕೆ ಗೊತ್ತು."

ಅವಳು ನಂಬಿದಳು, ಶಾಂಭವಿ. ಬಾಯಿಗೆ ಕೈ ಇಡುವುದನ್ನೂ ಮರೆತು ನಕ್ಕಳು. ಅವಳ ಹಲ್ಲನ್ನು ನಾನು ಕಂಡದ್ದು ಅದೇ ಮೊದಲು. ಆ ನಗು ಮುಗಿಯುವವರೆಗೂ ನಾನು ಫೋನ್ ಹಿಡಿದುಕೊಂಡೇ ಇದ್ದೆ.

ರಕ್ಷಿತಾ